ಪ್ರೇಮಗೀತೆಗೆ ಪ್ರಸ್ತಾರ ಹಾಕುವುದು ಹೇಗೆ?

ಪ್ರಸ್ತಾರ ಎಂದರೆ ಪದ್ಯದ ಅಕ್ಷರಗಳ ಮೇಲೆ ಲಘು, ಗುರು ಗುರುತು ಹಾಕಿ ಲಯದ ಲೆಕ್ಕ ನೋಡುವುದು. ಪೆನ್ಸಿಲ್ ತೆಗೆದುಕೊಳ್ಳಿ, ಪೆನ್ನು ಬೇಡ. ಅಳಿಸುವ ಕೆಲಸ ಗ್ಯಾರಂಟಿ. ಮೊದಲು ಪದ್ಯವನ್ನು ಜೋರಾಗಿ ಎರಡು ಸಲ ಓದಿ. ಉದಾಹರಣೆಗೆ ನಾನೇ ಕಟ್ಟಿದ ಎರಡು ಸಾಲು:

ಮಲ್ಲಿಗೆಯ ಮುಡಿದವಳು ಬಾಗಿಲಿಗೆ ಬಂದು
ನಲ್ಲ ಬರುವನು ಎಂದು ಕಾದಿಹಳು ಇಂದು

ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಲಘು, ಅಂದರೆ ಗಿಡ್ಡ ಅಕ್ಷರಕ್ಕೆ ಬಟ್ಟಲಿನಂಥ ಗುರುತು, 1 ಮಾತ್ರೆ. ಗುರು, ಅಂದರೆ ಅದರ ಎರಡರಷ್ಟು ಹೊತ್ತು ಹಿಡಿಯುವ ಅಕ್ಷರಕ್ಕೆ ಅಡ್ಡಗೆರೆ, 2 ಮಾತ್ರೆ. ದೀರ್ಘ, ಅನುಸ್ವಾರ, ವಿಸರ್ಗ ಇದ್ದರೆ ಗುರು. ಇಷ್ಟು ಎಲ್ಲರಿಗೂ ಬರುತ್ತದೆ. ಎಡವುವುದು ಒತ್ತಕ್ಷರದಲ್ಲಿ. ‘ಮಲ್ಲಿಗೆ’ ಕಂಡ ಕೂಡಲೇ ‘ಲ್ಲಿ’ ಮೇಲೆ ಗೆರೆ ಎಳೆಯುವವರನ್ನು ನೋಡಿ ನೋಡಿ ಸಾಕಾಗಿದೆ. ಒತ್ತು ಇದ್ದ ಮಾತ್ರಕ್ಕೆ ಒತ್ತಕ್ಷರ ತಾನು ಗುರು ಆಗುವುದಿಲ್ಲ, ತನ್ನ ಹಿಂದಿನ ಅಕ್ಷರವನ್ನು ಗುರು ಮಾಡುತ್ತದೆ. ಇಲ್ಲಿ ಗುರು ‘ಮ’, ‘ಲ್ಲಿ’ ಲಘು.

ಪ್ರೇಮಗೀತೆಯಲ್ಲಿ ಇನ್ನೊಂದು ತೊಡಕು. ಪ್ರೀತಿ, ಪ್ರೇಮ, ಪ್ರಿಯೆ ಎಲ್ಲ ಶುರುವಾಗುವುದೇ ಒತ್ತಕ್ಷರದಿಂದ, ಅಲ್ವಾ? ಹಾಗಾದರೆ ‘ನಿನ್ನ ಪ್ರೀತಿಯ’ ಎಂಬಲ್ಲಿ ‘ನ್ನ’ ಏನು? ನಿಯಮ ಹಿಡಿದರೆ ಗುರು, ಲೆಕ್ಕ 4+4. ‘ಪ್ರೀ’ಯನ್ನು ಒತ್ತದೆ ತೇಲಿಸಿ ಹೇಳಿದರೆ ಲಘು, ಆಗ 3+4. ಹಳಗನ್ನಡದವರೂ ಇಂಥ ಸಡಿಲಿಕೆಗೆ ಶಿಥಿಲದ್ವಿತ್ವ ಎಂದು ಹೆಸರಿಟ್ಟಿದ್ದರು. ಅಕ್ಕಪಕ್ಕದ ಸಾಲು ಯಾವ ನಡಿಗೆಯಲ್ಲಿದೆ ನೋಡಿ, ಅದಕ್ಕೆ ಒಪ್ಪುವುದನ್ನು ಇಟ್ಟುಕೊಳ್ಳಿ.

ಆಮೇಲೆ ಗಣ, ಅಂದರೆ ಇಂತಿಷ್ಟು ಮಾತ್ರೆಯ ಗುಂಪು. ಪದ ಮುಗಿದಲ್ಲಿ ಅಲ್ಲ, ಮಾತ್ರೆ (ಇಲ್ಲಿ ಐದೈದು) ತುಂಬಿದಲ್ಲಿ ಗೆರೆ ಹಾಕಿ:

ನಲ್ಲ ಬರು | ವನು ಎಂದು | ಕಾದಿಹಳು | ಇಂದು

5+5+5+3. ‘ಬರುವನು’ ತುಂಡಾಯಿತು, ಆಗಲಿ. ಕೊನೆಯ 3ರ ನಂತರ ದನಿ ಎರಡು ಮಾತ್ರೆ ಸುಮ್ನೆ ನಿಲ್ಲುತ್ತದೆ. ಅವಳು ಕಾಯುತ್ತಿರುವುದು ಕೇಳಿಸುವುದು ಅಲ್ಲೇ. ಗೈಡು ನೋಡಿ ಗುರುತು ಇಳಿಸಿಕೊಳ್ಳುವ ಅಡ್ಡದಾರಿ ಬೇಡ. ಅಚ್ಚಿನಲ್ಲಿ ಗುರುತುಗಳು ಒಂದಕ್ಷರ ಆಚೀಚೆ ಸರಿದಿರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಪ್ರಾಸಕ್ಕೆ ಸಾಲಿನ ಕೊನೆ ನೋಡುವ ಮುಂಚೆ ಪ್ರತಿ ಸಾಲಿನ ಮೊದಲಿನಿಂದ ಎರಡನೇ ಅಕ್ಷರ ನೋಡಿ. ‘ಲ್ಲಿ’, ‘ಲ್ಲ’: ಇದು ಆದಿಪ್ರಾಸ. ಸ್ವರ ಬೇರೆಯಾದರೂ ವ್ಯಂಜನ ಅದೇ ಇದ್ದರೆ ಸಾಕು. ಅದೇ ಅಕ್ಷರಕ್ಕೆ ಅದೇ ಒತ್ತು ಬಂದಿದೆ, ಹಾಗಾಗಿ ಹಯಪ್ರಾಸ. ಹೊಸ ಕವಿತೆಯಲ್ಲಿ ಇದು ಸಿಗದಿದ್ದರೆ ಗಾಬರಿ ಬೇಡ, ಕವಿ ಗೋವಿಂದ ಪೈ 1911ರಲ್ಲೇ ಈ ಕಟ್ಟು ಬಿಟ್ಟಿದ್ದರು. ‘ಬಂದು’, ‘ಇಂದು’ ಅಂತ್ಯಪ್ರಾಸ. ಆ ‘ಇಂದು’ ಪ್ರಾಸ ತುಂಬಲಿಕ್ಕೇ ಬಂದದ್ದು, ಒಪ್ಪಿಕೊಳ್ಳುತ್ತೇನೆ. ವಿಶ್ಲೇಷಣೆಯಲ್ಲಿ ಇಂಥದ್ದನ್ನು ಮುಲಾಜಿಲ್ಲದೆ ಬರೆಯಿರಿ.

ಇನ್ನು ರೂಪ. ಆರು ಸಾಲು ಕಂಡ ತಕ್ಷಣ ಷಟ್ಪದಿ ಎನ್ನಬೇಡಿ. 3 ಮತ್ತು 6ನೇ ಸಾಲು ಉದ್ದ ಇರಬೇಕು. ಷಟ್ಪದಿಯ ಒಂದು ಬಗೆಯಾದ ಭಾಮಿನಿಯಲ್ಲಿ ಅವೆರಡಕ್ಕೆ 23 ಮಾತ್ರೆ, ಉಳಿದವಕ್ಕೆ 14. ಒಟ್ಟು 14 ಸಾಲಿದ್ದರೆ ಸುನೀತ (ಇಂಗ್ಲಿಷಿನ ಸಾನೆಟ್) ಇರಬಹುದು. 8ನೇ ಸಾಲು ದಾಟಿದ ಮೇಲೆ ಪ್ರೇಮಿಯ ಮಾತು ಬೇರೆ ಕಡೆ ತಿರುಗಿದೆಯೇ ನೋಡಿ.