ಎಸ್ಟೇಟ್ ಬಂಗಲೆಯ ಫೋಟೊದಲ್ಲಿ ಬೆಂಕಿ ಹೊತ್ತಿಸುವುದು ಹೇಗೆ?

ಕೊಡಗಿನ ಪಾಲಿಬೆಟ್ಟ, ಸುಂಟಿಕೊಪ್ಪ ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಫೈರ್‌ಪ್ಲೇಸ್, ಅಂದರೆ ಚಿಮಣಿಯಿರುವ ಗೋಡೆಯೊಲೆ, ಈಗಲೂ ಇದೆ. ಬಂಗಲೆ ಮಾರಾಟಕ್ಕಿಟ್ಟರೂ ಸರಿ, ಹೋಂಸ್ಟೇ ಮಾಡಿದರೂ ಸರಿ, ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಫೋಟೊ ತೆಗೆಯುವುದು ಹೆಚ್ಚಾಗಿ ಹಗಲಲ್ಲಿ, ಒಳ್ಳೆ ಬಿಸಿಲಿರುವಾಗ. ಒಲೆ ತಣ್ಣಗಿರುತ್ತದೆ. ಆ ಕಪ್ಪು ಗೂಡು ಇಡೀ ಹಾಲ್ ಅನ್ನು ಮಂಕು ಮಾಡಿಬಿಡುತ್ತದೆ. ಅಲ್ಲಿ ಬೆಂಕಿಯನ್ನು ಎಡಿಟಿಂಗ್‌ನಲ್ಲಿ ಸೇರಿಸಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ಚಿಮಣಿ ಮುಚ್ಚಿರುವ, ಉರಿ ಹಾಕಲು ಆಗದ ಫೈರ್‌ಪ್ಲೇಸ್‌ಗೆ ಬೆಂಕಿ ಸೇರಿಸಲೇಬೇಡಿ. ಜುಲೈ ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬರುವವರು ಆ ಬೆಂಕಿ ನೋಡಿಯೇ ರೂಮು ಬುಕ್ ಮಾಡಿರುತ್ತಾರೆ. ಇಲ್ಲದ ಸೌಲಭ್ಯವನ್ನು ಇದೆ ಎಂದು ತೋರಿಸಿದರೆ ಅದು ಮೋಸ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವನ್ನೂ ಹೇಳುತ್ತದೆ. ಚೆನ್ನಾಗಿ ಉರಿಯುವ ಫೈರ್‌ಪ್ಲೇಸ್ ಆದರೂ, ಬೆಂಕಿ ಎಡಿಟಿಂಗ್‌ನದು ಎಂದು ಫೋಟೊ ಕೆಳಗೆ ಒಂದು ಸಾಲು ಬರೆಯಿರಿ.

ಇನ್ನು ಕೆಲಸಕ್ಕೆ ಬರೋಣ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಕೋಣೆಯ ಫೋಟೊವನ್ನು ಆದಷ್ಟು ಸಂಜೆ ಹೊತ್ತಿನಲ್ಲಿ ತೆಗೆಯಿರಿ. ನಡುಹಗಲ ಬೆಳಕಿನಲ್ಲಿ ನಿಜವಾದ ಬೆಂಕಿಯೂ ಪೇಲವವಾಗಿಯೇ ಕಾಣುತ್ತದೆ ಅಲ್ವಾ? ಒಲೆ ಖಾಲಿ ಬಿಡಬೇಡಿ. ನಾಲ್ಕು ಒಣ ಸೌದೆ ಜೋಡಿಸಿ, ಕೆಳಗೆ ಸ್ವಲ್ಪ ಬೂದಿ ಹರಡಿ. ತುದಿ ಕರಕಲಾದ ಸೌದೆ ಸಿಕ್ಕರೆ ಇನ್ನೂ ಒಳ್ಳೆಯದು. ಈ ಸಣ್ಣ ತಯಾರಿ ಆಮೇಲೆ ಎಷ್ಟೋ ಹೊತ್ತಿನ ಕೆಲಸ ಉಳಿಸುತ್ತದೆ.

ಬೆಂಕಿಯ ಚಿತ್ರಕ್ಕೆ ಇಂಟರ್ನೆಟ್ ಹುಡುಕುವುದಕ್ಕಿಂತ ನೀವೇ ತೆಗೆಯಿರಿ. ರಾತ್ರಿ ಕಾಫಿ ಕಣದಲ್ಲೋ ಹಿತ್ತಲಲ್ಲೋ, ಹಿಂದೆ ಪೂರ್ತಿ ಕತ್ತಲಿರುವ ಕಡೆ ನಾಲ್ಕು ಸೌದೆ ಹೊತ್ತಿಸಿ. ಫೈರ್‌ಪ್ಲೇಸ್ ಅನ್ನು ಯಾವ ಎತ್ತರದಿಂದ, ಯಾವ ಕೋನದಿಂದ ತೆಗೆದಿದ್ದಿರೋ ಅದೇ ಎತ್ತರ, ಅದೇ ಕೋನ ಇರಲಿ. ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬೀಳುವ ಬೆಳಕು) ಇಳಿಸಿ, ಇಲ್ಲದಿದ್ದರೆ ಉರಿಯ ನಡುಭಾಗ ಬಿಳಿಯಾಗಿ ಬಣ್ಣವೇ ಉಳಿಯುವುದಿಲ್ಲ. ಶಟರ್ ತೆರೆದಿರುವ ಹೊತ್ತು 1/30ರಿಂದ 1/60 ಸೆಕೆಂಡ್ ಸಾಕು. 1/1000ಕ್ಕೆ ಹೋದರೆ ಉರಿ ಹರಿದ ಚೂರುಗಳ ಹಾಗೆ ನಿಂತುಬಿಡುತ್ತದೆ. ನಿಧಾನ ಶಟರ್‌ನಲ್ಲಿ ತೆಗೆದ ಕೋಣೆಯ ಫೋಟೊಗೆ ಅದು ಹೊಂದುವುದೇ ಇಲ್ಲ.

ಎಡಿಟಿಂಗ್‌ಗೆ ಫೋಟೊಶಾಪ್ ಇದ್ದರೆ ಸರಿ. ಇಲ್ಲದಿದ್ದರೆ ಜಿಂಪ್ ಅಥವಾ ಬ್ರೌಸರ್‌ನಲ್ಲೇ ತೆರೆಯುವ ಫೋಟೊಪಿ ಉಚಿತವಾಗಿ ಸಿಗುತ್ತವೆ. ಫೋಟೊಶಾಪ್‌ನಲ್ಲಿ ಜ್ವಾಲೆ ಬರೆದುಕೊಡುವ ಫಿಲ್ಟರ್ ಕೂಡ ಇದೆ. ಅದರ ಉರಿ ಒಂದೇ ಅಚ್ಚಿನದಾಗಿ ಕಾಣುವುದರಿಂದ ನನಗೆ ಹಿಡಿಸಿಲ್ಲ.

ಬೆಂಕಿಯ ಚಿತ್ರವನ್ನು ಕೋಣೆಯ ಫೋಟೊ ಮೇಲೆ ಹೊಸ ಲೇಯರ್ (ಪದರ) ಆಗಿ ಇಟ್ಟು, ಅದು ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆಯನ್ನು, ಅಂದರೆ ಬ್ಲೆಂಡ್ ಮೋಡ್ ಅನ್ನು, ಸ್ಕ್ರೀನ್‌ಗೆ ಬದಲಿಸಿ. ಕಪ್ಪೆಲ್ಲ ಮಾಯವಾಗಿ ಉರಿ ಮಾತ್ರ ಉಳಿಯುತ್ತದೆ. ಸುತ್ತ ಬೂದು ಛಾಯೆ ಉಳಿದರೆ ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪಿನ ಗುಂಡಿಯನ್ನು ಸ್ವಲ್ಪ ಬಲಕ್ಕೆ ಎಳೆಯಿರಿ. ಉರಿಯ ಎತ್ತರ ಗೂಡಿನ ಅರ್ಧದಿಂದ ಮೂರನೇ ಎರಡು ಭಾಗ ಇದ್ದರೆ ಚೆಂದ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಅದಕ್ಕೇ ಬೆಂಕಿ ಅಂಟಿಸಿದ ಸ್ಟಿಕ್ಕರ್‌ನಂತೆ ಕಾಣುವುದು. ಉರಿ ಸೌದೆಯ ಮುಂದೆ ಮಾತ್ರ ಏಳುವುದಿಲ್ಲ, ಸಂದಿಯಿಂದ, ಹಿಂದಿನಿಂದ ಏಳುತ್ತದೆ. ಹಾಗಾಗಿ ಎರಡು ಲೇಯರ್ ಬೇಕು. ಹಿಂದಿನ ಉರಿಗೆ ಮಾಸ್ಕ್ (ಬೇಡದ ಭಾಗ ಮರೆಮಾಡುವ ಮುಸುಕು) ಹಾಕಿ, ಮುಂದಿರುವ ಸೌದೆಯ ಆಕಾರಕ್ಕೆ ಸರಿಯಾಗಿ ಅದನ್ನು ಅಳಿಸಿ. ಸೌದೆಯ ಅಂಚು ಉರಿಯ ಎದುರು ಕಪ್ಪಾಗಿ ಕಂಡ ಕೂಡಲೇ ಒಲೆಗೆ ಆಳ ಬರುತ್ತದೆ. ಮುಂದೆ ಎರಡು ಚಿಕ್ಕ ಉರಿ ಸಾಕು.

ಇನ್ನು ಬೆಳಕು. ನಿಜವಾದ ಕೆಲಸ ಇರುವುದು ಇಲ್ಲೇ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಕೆಂಪು ಜಾಸ್ತಿ. ಸೌದೆ ಬೆಂಕಿಯ ಬೆಳಕು ಸುಮಾರು 2000 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು, ಹಗಲಿನದು 5500. ಅಂದರೆ ಬಲ್ಬಿಗಿಂತ ಕೆಂಪು ಜಾಸ್ತಿ ಇರುವ ಕಿತ್ತಳೆ ಬಣ್ಣ ಬೇಕು. ಹೊಸ ಲೇಯರ್‌ನಲ್ಲಿ, ಸಾಫ್ಟ್ ಲೈಟ್ ಮೋಡ್‌ನಲ್ಲಿ, ಮೆದು ಅಂಚಿನ ದೊಡ್ಡ ಬ್ರಶ್‌ನಿಂದ ಆ ಬಣ್ಣವನ್ನು ತೆಳ್ಳಗೆ ಹಚ್ಚಿ. ಒಪಾಸಿಟಿ (ಬಣ್ಣದ ದಟ್ಟತೆ) ನೂರಕ್ಕೆ 10–20 ಇರಲಿ. ಗೂಡಿನ ಒಳಗೋಡೆಗಳಿಗೆ, ಮೇಲಿನ ಹಲಗೆಯ ತಳಕ್ಕೆ, ಎದುರಿನ ನೆಲಕ್ಕೆ, ಬೀಟೆ ಮರದ ಕುರ್ಚಿಯ ಒಲೆ ಕಡೆಯ ಕಾಲಿಗೆ ಹಚ್ಚಿ. ಆಚೆ ಬದಿಯ ಕಾಲನ್ನು ಮುಟ್ಟಬೇಡಿ, ಅಲ್ಲಿ ನೆರಳಿರಬೇಕು.

ನಮ್ಮ ಹಳೆ ಬಂಗಲೆಗಳ ರೆಡ್ ಆಕ್ಸೈಡ್ ನೆಲ ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿರುತ್ತದೆ. ಅದರಲ್ಲಿ ಬೆಂಕಿ ಮೂಡದಿದ್ದರೆ ನೋಡಿದವರಿಗೆ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಉರಿಯ ಲೇಯರ್ ಅನ್ನು ನಕಲು ಮಾಡಿ ತಲೆಕೆಳಗು ಮಾಡಿ, ಚೆನ್ನಾಗಿ ಬ್ಲರ್ ಮಾಡಿ, ಒಪಾಸಿಟಿ ಇಳಿಸಿ ನೆಲದ ಮೇಲಿಡಿ. ಪಕ್ಕದಲ್ಲಿ ಹಿತ್ತಾಳೆ ದೀಪ ಇದ್ದರೆ ಅದರ ಅಂಚಿಗೂ ಒಂದು ಕಿತ್ತಳೆ ಚುಕ್ಕೆ.

ಹೊಗೆ ಸೇರಿಸುವ ಆಸೆ ಬೇಡ. ಕೋಣೆಯೊಳಗೆ ಹೊಗೆ ಕಂಡರೆ ಚಿಮಣಿ ಕೆಟ್ಟಿದೆ ಎಂದೇ ಅರ್ಥ.

ಮುಗಿದ ಮೇಲೆ ಫೋಟೊವನ್ನು ಮೊಬೈಲ್‌ಗೆ ಹಾಕಿ ಮೊದಲು ಚಿಕ್ಕದಾಗಿ ನೋಡಿ. ಒಲೆ ಮಾತ್ರವೇ ಕಣ್ಣಿಗೆ ಹೊಡೆದರೆ ಉರಿಯ ಒಪಾಸಿಟಿ ಇನ್ನಷ್ಟು ಇಳಿಸಬೇಕು. ಮಾಲೀಕರಿಗೆ ಕಳಿಸುವಾಗ ಬೆಂಕಿ ಇಲ್ಲದ ಮೂಲ ಫೋಟೊವನ್ನೂ ಕೊಡಿ. ಬೇಸಿಗೆಯಲ್ಲಿ, ಮಾರ್ಚ್, ಏಪ್ರಿಲ್‌ನಲ್ಲಿ ಬುಕಿಂಗ್ ಕೇಳುವವರಿಗೆ ಅದನ್ನೇ ಹಾಕಬೇಕಾಗುತ್ತದೆ.