ಜಾಡಿಯೊಳಗಿನ ಗಾಳಿಯ ಗಾಮಾ ಅಳೆಯುವುದು ಹೇಗೆ?

ಒಂದು ಕೆಜಿ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕು? ಮೊದಲು ಹೇಳಿ, ಗಾಳಿಯನ್ನು ಮುಚ್ಚಿಟ್ಟಿದ್ದೀರೋ, ಹಿಗ್ಗಲು ಬಿಟ್ಟಿದ್ದೀರೋ? ಗಟ್ಟಿ ಪಾತ್ರೆಯಲ್ಲಿ ಮುಚ್ಚಿಟ್ಟರೆ ಸುಮಾರು 718 ಜೂಲ್ ಸಾಕು. ಹಿಗ್ಗಲು ಬಿಟ್ಟರೆ 1005 ಬೇಕು. ಸುತ್ತಲಿನ ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳುವುದಕ್ಕೇ ಉಳಿದ 287 ಜೂಲ್ ಖರ್ಚು! ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಈ ಶಾಖಕ್ಕೆ ವಿಶಿಷ್ಟೋಷ್ಣ ಎನ್ನುತ್ತಾರೆ. ಹಾಗಾಗಿ ಅನಿಲಕ್ಕೆ ಎರಡು ವಿಶಿಷ್ಟೋಷ್ಣ. ದೊಡ್ಡದನ್ನು ಸಣ್ಣದರಿಂದ ಭಾಗಿಸಿದರೆ ಸಿಗುವುದೇ ಗಾಮಾ. ಗಾಳಿಗೆ ಅದು 1.4.

ಇದನ್ನು ಅಳೆಯಲು ಒಲೆಯೂ ಬೇಡ, ಥರ್ಮಾಮೀಟರೂ ಬೇಡ. ಫ್ರಾನ್ಸಿನ ಮಾವ ದೆಸೋರ್ಮ್, ಅಳಿಯ ಕ್ಲೆಮಾಂ ಸೇರಿ 1819ರಲ್ಲಿ ಪ್ರಕಟಿಸಿದ ಉಪಾಯ ಇದೆ.

ಹತ್ತಿಪ್ಪತ್ತು ಲೀಟರಿನ ದಪ್ಪ ಗಾಜಿನ ಜಾಡಿ ತನ್ನಿ. ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನ್ ಬೇಡ, ಒತ್ತಡಕ್ಕೆ ಉಬ್ಬುತ್ತದೆ. ಬಿಗಿಯಾದ ರಬ್ಬರ್ ಬಿರಡೆಯಲ್ಲಿ ಮೂರು ದಾರಿ ಇರಲಿ. ಒಂದಕ್ಕೆ ಸೈಕಲ್ ಪಂಪು, ಇನ್ನೊಂದಕ್ಕೆ ಬಣ್ಣದ ನೀರಿರುವ ಯು ಆಕಾರದ ಕೊಳವೆ, ಮೂರನೆಯದಕ್ಕೆ ಅಗಲ ಬಾಯಿಯ ನಲ್ಲಿ.

ನಲ್ಲಿ ಮುಚ್ಚಿ, ಕೊಳವೆಯ ಎರಡು ಕಡೆಯ ನೀರಿಗೆ 20 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಅಂತರ ಬರುವವರೆಗೆ ಮೆಲ್ಲಗೆ ಪಂಪು ಹೊಡೆದು, ಪಂಪಿನ ದಾರಿಯನ್ನೂ ಬಂದ್ ಮಾಡಿ. ಅಂತರ ತಾನಾಗಿ ಇಳಿಯತೊಡಗುತ್ತದೆ. ಗಾಬರಿ ಬೇಡ, ಪಂಪಿನಿಂದ ಬಿಸಿಯಾದ ಗಾಳಿ ಆರುತ್ತಿದೆ ಅಷ್ಟೇ. ಹತ್ತು ನಿಮಿಷವಾದರೂ ನಿಲ್ಲದಿದ್ದರೆ ಮಾತ್ರ ಎಲ್ಲೋ ಸೋರುತ್ತಿದೆ ಎಂದರ್ಥ. ಆಗ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ನಿಂತ ಅಂತರ ಬರೆದುಕೊಳ್ಳಿ. 20.0 ಎಂದಿಟ್ಟುಕೊಳ್ಳೋಣ.

ಈಗ ನಲ್ಲಿ ಪೂರ್ತಿ ತೆರೆಯಿರಿ. ಬುಸ್ ಎನ್ನುತ್ತದೆ. ಸದ್ದು ನಿಂತ ಕೂಡಲೇ ಮುಚ್ಚಿ. ಇಷ್ಟು ಅವಸರದಲ್ಲಿ ಹೊರಗಿನಿಂದ ಶಾಖ ಎಳೆದುಕೊಳ್ಳಲು ಗಾಳಿಗೆ ಪುರುಸೊತ್ತಿಲ್ಲ. ಹಿಗ್ಗುವುದಕ್ಕೆ ತನ್ನದೇ ಶಕ್ತಿ ಖರ್ಚು ಮಾಡಿ ಒಂದೂವರೆ ಡಿಗ್ರಿಯಷ್ಟು ತಣ್ಣಗಾಗಿರುತ್ತದೆ. ಮುಚ್ಚಿದ ಮೇಲೆ ಕೋಣೆಯ ಬಿಸಿಗೆ ಮರಳುತ್ತಾ ಒತ್ತಡ ಏರುತ್ತದೆ, ಕೊಳವೆಯ ನೀರು ನಿಧಾನಕ್ಕೆ ಮತ್ತೆ ಸರಿಯುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾಗುವ ಗಳಿಗೆ ಇದು. ನಿಂತಾಗ ಓದಿ, 5.6 ಬಂತು ಅನ್ನಿ.

ಮೊದಲ ಅಂತರವನ್ನು ಎರಡೂ ಅಂತರಗಳ ವ್ಯತ್ಯಾಸದಿಂದ (20 − 5.6 = 14.4) ಭಾಗಿಸಿದರೆ ಗಾಮಾ: 20 ÷ 14.4 = 1.39. ಸಾಕಲ್ವಾ?

ಕಾಲೇಜಿನಲ್ಲಿ ನನಗೆ ಮೊದಲ ಸಲ ಬಂದದ್ದು 1.2. ಬುಸ್ ಸದ್ದಿಗೆ ಖುಷಿಪಟ್ಟು ನಲ್ಲಿ ತೆರೆದೇ ಸುಮ್ನೆ ನಿಂತಿದ್ದೆ. ಅಷ್ಟರಲ್ಲಿ ಗಾಳಿ ಬೆಚ್ಚಗಾಗಿ, ಎರಡನೇ ಏರಿಕೆ ಕುಗ್ಗಿತ್ತು. ಸದ್ದು ನಿಲ್ಲುವ ಮೊದಲೇ ಮುಚ್ಚಿದರೆ ಉಲ್ಟಾ, 1.4 ದಾಟುತ್ತದೆ. ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ.