ಬೆಳೆ ಪರಿಹಾರ ಖಾತೆಗೆ ಬಾರದಿದ್ದರೆ: ನನ್ನ ಅನುಭವ

2023ರ ಬರದ ಬೆಳೆ ಪರಿಹಾರ ಅಕ್ಕಪಕ್ಕದ ಹೊಲದವರಿಗೆಲ್ಲ ಜಮೆಯಾಗಿತ್ತು, ನಮ್ಮಪ್ಪನಿಗೆ ಮಾತ್ರ ಇಲ್ಲ. ಸರ್ಕಾರದ 'ಪರಿಹಾರ' ತಂತ್ರಾಂಶದಲ್ಲಿ ಹೆಸರಿತ್ತು, ಪಾವತಿ ವಿಫಲವಾಗಿತ್ತು.

ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದು, ಬ್ಯಾಂಕಿನಲ್ಲಿ ಮತ್ತೆ ಕೆವೈಸಿ ಮಾಡಿಸಿದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. ಈ ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವ ಬ್ಯಾಂಕಿಗೆ. ಕೆವೈಸಿಗೆ ಆಧಾರ್ ಕೊಟ್ಟ ಮಾತ್ರಕ್ಕೆ ಆ ಜೋಡಣೆ ಆಗಿರುವುದಿಲ್ಲ. ಕೌಂಟರಿನಲ್ಲಿ 'ಆಧಾರ್ ಲಿಂಕ್ ಆಗಿದೆ' ಅಂದರೆ ನಂಬಿ ವಾಪಸ್ ಬರಬೇಡಿ.

ಮೊದಲು ಮೈಆಧಾರ್ ತಾಣದಲ್ಲಿ ಒಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' (ಆ ಜೋಡಣೆಯ ಸ್ಥಿತಿ) ನೋಡಿ. ಆಕ್ಟಿವ್ ಇಲ್ಲದಿದ್ದರೆ ಬ್ಯಾಂಕಿನಲ್ಲಿ 'ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್' (ಸರ್ಕಾರದ ಹಣ ನೇರ ಖಾತೆಗೆ ಬರಲು ಬೇಕಾದ ಜೋಡಣೆ) ಅಂತಲೇ ಕೇಳಿ, ಒಪ್ಪಿಗೆ ಫಾರಂ ಕೊಟ್ಟು ಸ್ವೀಕೃತಿ ಪಡೆಯಿರಿ. ಆಕ್ಟಿವ್ ಆಗಿ ಬ್ಯಾಂಕಿನ ಹೆಸರು ಕಂಡ ಮೇಲಷ್ಟೇ ಅದರ ಪ್ರಿಂಟ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಸಮೇತ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಈ ಕ್ರಮದಲ್ಲಿ ಹೋದ ಮೇಲೆ ನಮಗೆ ಹಣ ಜಮೆಯಾಯಿತು.